ಬರ್ಲಿನ್ ಜಾತ್ರೆಯಲ್ಲಿ ನನ್ನದೊಂದು ಕೌಂಟರ್

ಶುಕ್ರವಾರ

ಮ್ಯೂನಿಕ್‌ನಿಂದ ಬರ್ಲಿನ್‌ಗೆ ನಾಲ್ಕು ಗಂಟೆ ದಾರಿ ಅಂತ ತಮ್ಮ ಹೇಳಿದ್ದ. ಆರೂವರೆ ಗಂಟೆ ಹಿಡಿಯಿತು. ನ್ಯೂರೆಂಬರ್ಗ್ ದಾಟಿದ ಮೇಲೆ ಗೋಧಿ ಹೊಲದ ಮಧ್ಯೆ ನಿಂತ ರೈಲು ಒಂದೂವರೆ ಗಂಟೆ ಅಲ್ಲಾಡಲಿಲ್ಲ. ನಮ್ಮ ಬೋಗಿಯ ಎಸಿ ಕೆಟ್ಟಿತ್ತು. ಕಿಟಕಿ ತೆಗೆಯಲು ಬರುವುದಿಲ್ಲ. ಜರ್ಮನಿಯ ರೈಲು ಅಂದರೆ ಗಡಿಯಾರದ ಮುಳ್ಳು ಅಂತ ಬ್ಯಾಂಕಿನಲ್ಲಿ ಎಲ್ಲರೂ ಹೇಳಿ ಕಳಿಸಿದ್ದರು. ಅವರಿಗೆಲ್ಲ ಹೊಲದ ಫೋಟೊ ಕಳಿಸಿದೆ. ನಮ್ಮ ಕಡೆಯ ರೈಲಾಗಿದ್ದರೆ ಅಷ್ಟು ಹೊತ್ತಿಗೆ ನಾಲ್ಕು ಸಲ ಚಹಾ, ಎರಡು ಸಲ ಮಂಡಕ್ಕಿ ಬಂದಿರುತ್ತಿತ್ತು.

ಜೊತೆಗಿದ್ದವರು ಇಬ್ಬರು. ಒಬ್ಬ ನನ್ನ ತಮ್ಮ. ಹೆಸರು ಬರೆಯಬೇಡ ಅಂದಿದ್ದಾನೆ, ಊರಲ್ಲಿ ಇನ್ನೂ ಎಲ್ಲರಿಗೂ ಗೊತ್ತಿಲ್ಲ. ಇನ್ನೊಬ್ಬ ಅವನ ಗಂಡ. ಇಬ್ಬರೂ ಮ್ಯೂನಿಕ್‌ನ ಕಚೇರಿಯೊಂದರಲ್ಲಿ ಮದುವೆ ನೋಂದಾಯಿಸಿಕೊಂಡು ನಾಲ್ಕು ವರ್ಷ ಆಯಿತು. ಜರ್ಮನಿಯಲ್ಲಿ 2017ರ ಅಕ್ಟೋಬರ್ 1ರಿಂದ ಹಾಗೆ ಮದುವೆಯಾಗಬಹುದು. ವಿಮಾನ ಬೆಂಗಳೂರಿನಲ್ಲಿ ಇಳಿದ ಕ್ಷಣದಿಂದ ಅದೇ ಇಬ್ಬರು ಕಾಗದದ ಲೆಕ್ಕದಲ್ಲಿ ಸುಮ್ನೆ ಸ್ನೇಹಿತರು.

ಕಾನೂನಿನ ತೊಂದರೆ ಅವರದು. ನನ್ನ ತೊಂದರೆ ಬೇರೆ. ತಮ್ಮನ ಗಂಡನಿಗೆ ಕನ್ನಡದಲ್ಲಿ ಏನಂತಾರೆ? ಭಾವ ಅನ್ನೋಣ ಅಂದರೆ ಅವನು ನನಗಿಂತ ಒಂಬತ್ತು ವರ್ಷ ಚಿಕ್ಕವನು. ಮೈದುನ ಅನ್ನೋಣ ಅಂದರೆ ನನ್ನ ಗಂಡನಿಗೂ ಅವನಿಗೂ ಏನು ಸಂಬಂಧ? ನಾನು ಹೀಗೆ ತಲೆ ಕೆಡಿಸಿಕೊಂಡಿದ್ದಾಗ ಅಮ್ಮ ಒಂದೇ ವಿಡಿಯೊ ಕಾಲ್‌ನಲ್ಲಿ ಸಮಸ್ಯೆ ಮುಗಿಸಿದಳು. ಬಾಗಿಲ ಚೌಕಟ್ಟಿಗೆ ತಲೆ ತಾಗದ ಹಾಗೆ ಬಗ್ಗಿ ಒಳಗೆ ಬಂದವನನ್ನು ನೋಡಿ, "ಏನೋ ಉದ್ದಣ್ಣ, ಊಟ ಆಯ್ತೇನೋ?" ಅಂದಳು. ಆವತ್ತಿನಿಂದ ಅವನು ಉದ್ದಣ್ಣ. ಅವನು ನನ್ನನ್ನು ಅಕ್ಕ ಅಂತಾನೆ. ಎರಡು ಕ ಒತ್ತಿ ಹೇಳುವುದು ಕಲಿಯಲು ಅವನಿಗೆ ಒಂದು ವರ್ಷ ಬೇಕಾಯಿತಂತೆ.

ಉದ್ದಣ್ಣನ ಅಮ್ಮನಿಗೆ ಮಾತ್ರ ನಮ್ಮಲ್ಲಿ ಪದ ರೆಡಿ ಇದೆ. ಬೀಗಿತ್ತಿ. ಬರ್ಲಿನ್‌ನಲ್ಲಿ ನಮ್ಮ ವಾಸ್ತವ್ಯ ಅವರ ಮನೆಯಲ್ಲೇ. ಪ್ರೆನ್ಸ್‌ಲಾವರ್ ಬೆರ್ಗ್ ಅಂತ ಊರಿನ ಪೂರ್ವದ ಭಾಗ, ಹಳೇ ಕಟ್ಟಡ, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. 92 ಮೆಟ್ಟಿಲು. ಎಣಿಸುವುದು ನನ್ನ ಚಟ, ಬ್ಯಾಂಕಿನಲ್ಲಿ 27 ವರ್ಷ ಕ್ಯಾಷ್ ಕೌಂಟರ್‌ನಲ್ಲಿ ಕೂತವಳು. ಬೀಗಿತ್ತಿಗೆ ಇಂಗ್ಲಿಷ್ ಬರುವುದಿಲ್ಲ. ಗೋಡೆ ಇದ್ದ ಕಾಲದಲ್ಲಿ ಪೂರ್ವ ಬರ್ಲಿನ್‌ನ ಶಾಲೆಯಲ್ಲಿ ಕಲಿತದ್ದು ರಷ್ಯನ್. ನಾವು ಹೋದಾಗ ಎಪ್ಪತ್ತಮೂರು ವರ್ಷದ ಆ ಹೆಂಗಸು ಮೂರನೇ ತಟ್ಟೆ ಚೀಸ್ ಕೇಕ್ ಒಲೆಯಲ್ಲಿಟ್ಟು, ನಾಲ್ಕನೆಯದಕ್ಕೆ ಚೆರ್ರಿ ಬೀಜ ಬಿಡಿಸುತ್ತಾ ಕೂತಿದ್ದರು. ನನ್ನ ಕೈಗೂ ಒಂದು ಬಟ್ಟಲು ಕೊಟ್ಟರು. ಮಾತಿಲ್ಲದೆ ಹನ್ನೊಂದು ಗಂಟೆವರೆಗೆ ಬೀಜ ಬಿಡಿಸಿದೆವು. ಬೀಗರ ಮನೆಗೆ ಹೋದವಳಿಗೆ ಬಂದ ತಕ್ಷಣ ಕೆಲಸ ಕೊಟ್ಟರು ಅಂತ ಅಮ್ಮನಿಗೆ ಹೇಳಿದರೆ, "ನಮ್ಮೋರೇ ಹಾಗಾದ್ರೆ" ಅಂದಳು.

ಕೇಕ್ ಯಾಕೆ ಅಂದರೆ, ಉದ್ದಣ್ಣ ಮ್ಯೂನಿಕ್‌ಗೆ ಬರುವ ಮೊದಲು ಬರ್ಲಿನ್‌ನ ಒಂದು ಹಾಡಿನ ತಂಡದಲ್ಲಿದ್ದ. ಗೇ ಗಂಡಸರು, ಲೆಸ್ಬಿಯನ್ ಹೆಂಗಸರು ಸೇರಿ ಹಾಡುವ ಹವ್ಯಾಸಿ ತಂಡ. ಜಾತ್ರೆಯಲ್ಲಿ ಪ್ರತಿ ವರ್ಷ ಕೇಕ್ ಅಂಗಡಿ ಹಾಕಿ ವರ್ಷದ ಖರ್ಚು ಎತ್ತುತ್ತಾರೆ.

ಜಾತ್ರೆ ಅನ್ನುವುದು ನಾನಿಟ್ಟ ಹೆಸರು. ಅವರು ಅದನ್ನು ಲೆಸ್ಬಿಯನ್ ಮತ್ತು ಗೇ ನಗರ ಹಬ್ಬ ಅಂತ ಕರೆಯುತ್ತಾರೆ. 1993ರಲ್ಲಿ ಶುರುವಾದದ್ದು, ಈಗ ಜುಲೈ ತಿಂಗಳಲ್ಲಿ ನೊಲ್ಲೆನ್‌ಡೊರ್ಫ್‌ಪ್ಲಾಟ್ಸ್ ಸುತ್ತಲಿನ ಬೀದಿಗಳಲ್ಲಿ ಎರಡು ದಿನ ನಡೆಯುತ್ತದೆ. ಬರ್ಲಿನ್‌ನ ದೊಡ್ಡ ಮೆರವಣಿಗೆ ಬೇರೆ, ಅದು ಮುಂದಿನ ಶನಿವಾರ. ಅದಕ್ಕೆ ಕ್ರಿಸ್ಟೊಫರ್ ಸ್ಟ್ರೀಟ್ ಡೇ ಅಂತ ಹೆಸರು. 1969ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸಲಿಂಗಿಗಳು ಸೇರುತ್ತಿದ್ದ ಸ್ಟೋನ್‌ವಾಲ್ ಬಾರ್‌ಗೆ ಪೊಲೀಸರು ನುಗ್ಗಿದಾಗ ಜನ ತಿರುಗಿಬಿದ್ದರಲ್ಲ, ಆ ಬಾರ್ ಇದ್ದ ಬೀದಿಯ ಹೆಸರು ಅದು.

"ಮೆರವಣಿಗೇಲಿ ಕಿಲೋಮೀಟರ್‌ಗಟ್ಟಲೆ ನಡೀಬೇಕು ಅಕ್ಕ, ನಿನ್ನ ಮೊಣಕಾಲಿಗೆ ಆಗಲ್ಲ. ಇದಾದ್ರೆ ಸುಮ್ನೆ ನಿಂತ್ಕೊಳ್ಳೋದು" ಅಂದ ತಮ್ಮ. ನಂಬಿದೆ.

ಶನಿವಾರ

ಬೆಳಿಗ್ಗೆ ಎಂಟೂವರೆಗೆ ನಾಲ್ಕು ಕೇಕ್ ತಟ್ಟೆ, ಒಂದು ಐಸ್ ಡಬ್ಬ, ಒಂದು ಛತ್ರಿ ಹೊತ್ತು 92 ಮೆಟ್ಟಿಲು ಇಳಿದೆವು. ಯು2 ಮೆಟ್ರೊ ನೇರವಾಗಿ ಅಲ್ಲಿಗೇ ಹೋಗುತ್ತದೆ. ತೊಡೆಯ ಮೇಲೆ ಚೀಸ್ ಕೇಕ್ ಇಟ್ಟುಕೊಂಡು ಹದಿಮೂರು ಸ್ಟೇಷನ್ನೋ ಹದಿನಾಲ್ಕೋ. ಪ್ರತಿ ಬ್ರೇಕ್‌ಗೂ ತಮ್ಮ ನನ್ನ ಮುಖ ನೋಡುವುದು ಬಿಟ್ಟು ಕೇಕ್ ನೋಡುತ್ತಿದ್ದ.

ನೊಲ್ಲೆನ್‌ಡೊರ್ಫ್‌ಪ್ಲಾಟ್ಸ್‌ನಲ್ಲಿ ಯು2 ಕಂಬಗಳ ಮೇಲೆ ಎತ್ತರದಲ್ಲಿ ಓಡುತ್ತದೆ. ಇಳಿದು ಹೊರಗೆ ಬಂದರೆ ಸ್ಟೇಷನ್ ಗೋಡೆಯ ಮೇಲೆ ಗುಲಾಬಿ ಬಣ್ಣದ ಒಂದು ತ್ರಿಕೋನ ಕಲ್ಲು. ನಾಜಿಗಳ ಸೆರೆ ಶಿಬಿರಗಳಲ್ಲಿ ಸಲಿಂಗಿ ಗಂಡಸರ ಅಂಗಿಗೆ ಹೊಲಿಯುತ್ತಿದ್ದ ಗುರುತು ಅದೇ ತ್ರಿಕೋನ. ಕಲ್ಲು ಹಾಕಿದ್ದು 1989ರಲ್ಲಿ. ಅದರ ಮೇಲಿನ ಎರಡು ಪದಗಳನ್ನು ತಮ್ಮ ಓದಿ ಹೇಳಿದ: "ಹೊಡೆದು ಸಾಯಿಸಿದರು, ಮಾತೆತ್ತದೆ ಸಾಯಿಸಿದರು." ಜರ್ಮನ್‌ನಲ್ಲಿ ಆ ಎರಡೂ ಪದ ಒಂದೇ ರಾಗದಲ್ಲಿ ಶುರುವಾಗುತ್ತವೆ. ಕೈಯಲ್ಲಿ ಕೇಕ್ ಇತ್ತು, ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಪಕ್ಕದಲ್ಲೇ ವಿಂಟರ್‌ಫೆಲ್ಟ್‌ಪ್ಲಾಟ್ಸ್‌ನಲ್ಲಿ ಶನಿವಾರದ ಸಂತೆ. ಜಾತ್ರೆ ಇರಲಿ ಬಿಡಲಿ ಅದು ನಡೆಯುತ್ತದೆ. ಹೂ, ಚೀಸ್, ಒಂದು ಸಣ್ಣ ಕಟ್ಟು ಕೊತ್ತಂಬರಿಗೆ ಒಂದೂವರೆ ಯೂರೊ. ರೂಪಾಯಿಗೆ ಗುಣಿಸಿ ನೋಡಬೇಡ ಅಂತ ತಮ್ಮ ಬೈದ. ಗುಣಿಸಿದ್ದು ಆಗಲೇ ಆಗಿತ್ತು.

ಹತ್ತು ಗಂಟೆಗೆ ಅಂಗಡಿಗೆ ಬಂದರೆ ಗಲಾಟೆ. ಗಲ್ಲಾಪೆಟ್ಟಿಗೆಗೆ ಕೂರಬೇಕಾಗಿದ್ದ ಹೆಂಗಸಿಗೆ ಬೆನ್ನು ಹಿಡಿದುಕೊಂಡು ಎದ್ದೇಳಲು ಆಗುತ್ತಿಲ್ಲವಂತೆ. ತಂಡದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಉದ್ದಣ್ಣ ನನ್ನ ಕಡೆ ನೋಡಿದ. ಜರ್ಮನ್‌ನಲ್ಲಿ ಏನೋ ಹೇಳಿದ. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.

"ಏನಂದ?"

"ನಮ್ಮಕ್ಕ ಬ್ಯಾಂಕ್ ಕ್ಯಾಷಿಯರ್ ಅಂದ."

ರಜೆ ಹಾಕಿ ಏಳು ಸಾವಿರ ಕಿಲೋಮೀಟರ್ ಹಾರಿ ಬಂದಿದ್ದೆ. ಮತ್ತೆ ಕ್ಯಾಷ್ ಕೌಂಟರ್‌ನಲ್ಲೇ ನಿಂತೆ.

ನಿಂತೆ ಅಂದೆ, ಯಾಕೆಂದರೆ ಕುರ್ಚಿ ಇರಲಿಲ್ಲ. ಮರದ ಮೇಜು ಎದೆಯ ಎತ್ತರಕ್ಕಿತ್ತು. ಕೂತರೆ ನಾನು ಕಾಣುವುದಿಲ್ಲ.

ಹನ್ನೊಂದಕ್ಕೆ ಶುರು. ಒಂದು ತುಂಡಿಗೆ ಮೂರು ಯೂರೊ, ಕಾಫಿ ಎರಡು. ಕಾಫಿ ಲೋಟಕ್ಕೆ ಬೇರೆ ಎರಡು ಯೂರೊ ಠೇವಣಿ, ಲೋಟ ವಾಪಸ್ ತಂದರೆ ಹಣ ವಾಪಸ್. ಈ ಠೇವಣಿ ಪದ್ಧತಿ ಜರ್ಮನಿ ತುಂಬ ಇದೆ. ನೀರಿನ ಪ್ಲಾಸ್ಟಿಕ್ ಬಾಟಲಿಗೂ 25 ಸೆಂಟ್. ಬಾಟಲಿ ಆರಿಸುವ ಒಬ್ಬ ಮುದುಕಿ ಚಕ್ರದ ಚೀಲ ಎಳೆದುಕೊಂಡು ದಿನವಿಡೀ ನಮ್ಮ ಮುಂದೆ ಓಡಾಡಿದಳು. ನಮ್ಮ ಅಂಗಡಿಯ ಖಾಲಿ ಬಾಟಲಿಗಳನ್ನೆಲ್ಲ ಅವಳಿಗೇ ಎತ್ತಿಟ್ಟೆ. ಇಷ್ಟು ಹಣ ಹರಿಯುವ ಕಡೆ ಅವಳಿಗೊಂದು ಅಂಗಡಿ ಇಲ್ಲವಲ್ಲ ಅನಿಸಿತು.

ಜರ್ಮನ್ನರು ಇಪ್ಪತ್ತೈದನ್ನು "ಐದು ಮತ್ತು ಇಪ್ಪತ್ತು" ಅಂತಾರೆ. ಕ್ಯಾಷಿಯರ್‌ಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಸದ್ದಿನಲ್ಲಿ "ಸ್ವೈ" ಮತ್ತು "ಡ್ರೈ" ಒಂದೇ ಥರ ಕೇಳುತ್ತದೆ, ಎರಡೋ ಮೂರೋ ಗೊತ್ತಾಗುವುದಿಲ್ಲ. ಅವರಿಗೂ ಅದೇ ಕಷ್ಟ ಇರಬೇಕು, ಎರಡಕ್ಕೆ ಎಷ್ಟೋ ಜನ "ಸ್ವೋ" ಅಂತಾರೆ. ಒಂದು ಗಂಟೆಯಲ್ಲಿ ನಾನೂ ಬೆರಳು ಎತ್ತಿ "ಸ್ವೋ?" ಅನ್ನತೊಡಗಿದೆ. ಅವರ ಎಣಿಕೆ ಹೆಬ್ಬೆರಳಿನಿಂದ ಶುರು. ನಾನು ತೋರುಬೆರಳು ಒಂದೇ ಎತ್ತಿದರೆ ಕೆಲವರು ಎರಡು ತುಂಡು ಕೊಡಲು ಬರುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ 33 ಡಿಗ್ರಿ. ದಾವಣಗೆರೆಯವಳಿಗೆ 33 ಯಾವ ಲೆಕ್ಕ ಅಂತ ಬೆಳಿಗ್ಗೆ ನಕ್ಕಿದ್ದೆ. ಆದರೆ ಇಲ್ಲಿಯ ಬಿಸಿಲು ಟಾರು ರಸ್ತೆಯಿಂದ ಮೇಲಕ್ಕೆ ಬರುತ್ತದೆ. ಅದರ ಮೇಲೆ ಕಣಜ. ಸಿಹಿ ಕಂಡರೆ ಜರ್ಮನಿಯ ಕಣಜಗಳಿಗೆ ಹುಚ್ಚು ಹಿಡಿಯುತ್ತದೆ. ಒಂದು ಕೈಯಲ್ಲಿ ಚಿಲ್ಲರೆ, ಇನ್ನೊಂದರಲ್ಲಿ ಬೀಸಣಿಗೆ. ಎದುರುಗಡೆ ವೇದಿಕೆಯ ಸ್ಪೀಕರ್. ಅದರ ಗುದ್ದು ಕಿವಿಗಲ್ಲ, ಹೊಟ್ಟೆಗೆ ಬಡಿಯುತ್ತಿತ್ತು. ಬೀದಿ ತುಂಬ ಜನ, ಒಬ್ಬರ ಬೆನ್ನು ಇನ್ನೊಬ್ಬರ ಎದೆ. ದುಗ್ಗಮ್ಮನ ಜಾತ್ರೆಯ ಮಂಗಳವಾರ ನೆನಪಾಯಿತು. ಅಲ್ಲಾದರೆ ದೇವಿಯ ಮುಖ ಕಂಡ ಮೇಲೆ ಮನೆಗೆ ಹೋಗಬಹುದು. ಇಲ್ಲಿ ಎಲ್ಲಿಗೆ ತಲುಪಿದರೆ ಮುಗಿಯಿತು ಅನ್ನುವುದೇ ಗೊತ್ತಾಗಲಿಲ್ಲ.

ಎಡಕ್ಕೆ ಪೊಲೀಸರ ಅಂಗಡಿ. ಹೌದು, ಪೊಲೀಸರೇ ಮೇಜು ಹಾಕಿಕೊಂಡು ಪೆನ್ನು ಹಂಚುತ್ತಿದ್ದರು. ಬಲಕ್ಕೆ ಚರ್ಚಿನವರು. ಸ್ವಲ್ಪ ಮುಂದೆ ರಾಜಕೀಯ ಪಕ್ಷಗಳು, ಸಲಹಾ ಕೇಂದ್ರಗಳು, ವಾಲಿಬಾಲ್ ಕ್ಲಬ್ಬು, ವಿಮೆಯವರು. ಒಂದು ಬ್ಯಾಂಕಿನವರೂ ಕಾಮನಬಿಲ್ಲಿನ ಬಾವುಟ ಕಟ್ಟಿಕೊಂಡು ಬಂದಿದ್ದರು. ನಮ್ಮ ವೃತ್ತಿಯವರ ಈ ಉತ್ಸಾಹ ನನಗೆ ಚೆನ್ನಾಗಿ ಗೊತ್ತು. ಖಾತೆ ತೆರೆಯುವ ಫಾರಂ ಬಾವುಟದ ಹಿಂದೆಯೇ ಇರುತ್ತದೆ.

ಒಂದು ಗಂಟೆ ಸುಮಾರಿಗೆ ತಲೆ ತುಂಬ ಕರಿ ನಾಯಿಯ ಮುಖವಾಡ, ಮೈಗೆ ಚರ್ಮದ ಪಟ್ಟಿ ತೊಟ್ಟವನೊಬ್ಬ ಬಂದು ನನ್ನ ಮುಂದೆ ನಿಂತ. ಹೆದರಿದೆ, ಸುಳ್ಳು ಯಾಕೆ ಹೇಳಲಿ. ತಮ್ಮ ಇದರ ಬಗ್ಗೆ ಮೊದಲೇ ಹೇಳಿರಲಿಲ್ಲ. ಮುಖವಾಡದೊಳಗಿಂದ ಬಹಳ ಮೆತ್ತಗಿನ ದನಿಯಲ್ಲಿ ಏನೋ ಕೇಳಿದ. ಸಕ್ಕರೆ ಕಾಯಿಲೆಯಂತೆ, ಸಿಹಿ ಕಡಿಮೆ ಇರುವುದು ಯಾವುದು ಅಂತ. ಚೀಸ್ ಕೇಕ್ ತೋರಿಸಿದೆ. ಅರ್ಧ ತುಂಡು ಸಾಕು ಅಂದ. ಪೂರ್ತಿ ಹಣ ಕೊಟ್ಟು, ಮುಖವಾಡದ ಮೂತಿ ಎತ್ತಿ, ಮರದ ಫೋರ್ಕ್‌ನಲ್ಲಿ ಚೂರು ಚೂರೇ ತಿಂದ. ನಮ್ಮಲ್ಲಿ ಹುಲಿವೇಷದವರೂ ಕುಣಿತ ಮುಗಿದ ಮೇಲೆ ಹೀಗೇ ಒಂದು ಮೂಲೆಯಲ್ಲಿ ನಿಂತು ಚಹಾ ಕುಡಿಯುತ್ತಾರೆ. ಆದರೂ ಚರ್ಮದ ಅಂಗಡಿಗಳ ಸಾಲಿನ ಕಡೆ ನಾನು ಹೋಗಲಿಲ್ಲ. ಎಲ್ಲವನ್ನೂ ನೋಡಲೇಬೇಕು ಅಂತ ಹರಕೆ ಹೊತ್ತಿರಲಿಲ್ಲವಲ್ಲ.

ಆಮೇಲೆ ಬಂದವರು ಇಬ್ಬರು ಮುದುಕರು. ಎಂಬತ್ತು ದಾಟಿರಬೇಕು. ಇಬ್ಬರೂ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ಹಾಕಿದ್ದರು, ಒಬ್ಬರ ಕೈಯಲ್ಲಿ ಕೋಲು. ಒಂದು ತುಂಡು ಚೆರ್ರಿ ಕೇಕ್, ಎರಡು ಫೋರ್ಕ್. ಕೋಲಿನವರು ಪರ್ಸಿನಿಂದ ಒಂದೊಂದೇ ನಾಣ್ಯ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಇನ್ನೊಬ್ಬರು ಅವರ ಮೊಣಕೈ ಹಿಡಿದು ನಿಂತಿದ್ದರು, ಅವಸರ ಮಾಡಲಿಲ್ಲ. ನಮ್ಮ ಬ್ಯಾಂಕಿಗೆ ಪಿಂಚಣಿ ದಿನ ಬರುವ ಗಂಡ ಹೆಂಡತಿ ಹೀಗೇ.

ಅವರು ಹೋದ ಮೇಲೆ ತಮ್ಮ ಹೇಳಿದ. ಆ ವಯಸ್ಸಿನ ಗಂಡಸರು ಪಶ್ಚಿಮ ಜರ್ಮನಿಯಲ್ಲಿ ಹರೆಯದಲ್ಲಿದ್ದಾಗ ಅವರ ಮೇಲೆ 175ನೇ ಕಲಂ ಇತ್ತು, ಗಂಡಸು ಗಂಡಸಿನ ಸಂಬಂಧ ಅಪರಾಧ ಅನ್ನುವ ಕಲಂ. 1872ರಿಂದ ಇದ್ದ ಕಾನೂನು. ನಾಜಿಗಳು 1935ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಯುದ್ಧ ಮುಗಿದು ನಾಜಿಗಳು ಹೋದರು, ಅವರು ಬಿಗಿ ಮಾಡಿದ ಕಾನೂನು ಮಾತ್ರ ಹಾಗೇ ಉಳಿಯಿತು. 1969ರಲ್ಲಿ ಸಡಿಲವಾಗುವವರೆಗೆ ಸುಮಾರು 50,000 ಜನರಿಗೆ ಶಿಕ್ಷೆ ಆಯಿತಂತೆ. ಪೂರ್ತಿ ಹೋದದ್ದು 1994ರಲ್ಲಿ.

"ನಮ್ಮದು?" ಅಂದೆ, ಗೊತ್ತಿದ್ದೂ.

"2018, ಸೆಪ್ಟೆಂಬರ್ 6."

ಆ ತಾರೀಕು ನನಗೆ ಮರೆಯುವುದಿಲ್ಲ. ಸುಪ್ರೀಂ ಕೋರ್ಟು 377ನೇ ಕಲಂನ ಆ ಭಾಗ ಹೊಡೆದುಹಾಕಿದ ದಿನ ಸಂಜೆ ತಮ್ಮ ಫೋನ್ ಮಾಡಿದ್ದ. ಅದೂ ಇದೂ ಮಾತಾಡಿದ. ಮಳೆ ಹೇಗಿದೆ ಅಂದ. ಪೇಪರ್ ನೋಡಿದ್ಯಾ ಅಂದ. ನಾಳೆ ನೋಡ್ತೀನಿ ಅಂದೆ. ಆಮೇಲೆ ಸುಮ್ಮನಾದ. ನನಗೆ ಅರ್ಥವಾಗಲು ಮೂರು ದಿನ ಬೇಕಾಯಿತು. ನೋಟು ಮುಟ್ಟಿದರೆ ಖೋಟಾನೋ ಅಸಲಿಯೋ ಹೇಳುವವಳು ನಾನು.

ಸ್ವಲ್ಪ ಬಿಡುವು ಸಿಕ್ಕಾಗ ಉದ್ದಣ್ಣ ಎದುರಿನ ಮೂಲೆ ತೋರಿಸಿದ. ಮೋಟ್ಸ್‌ಸ್ಟ್ರಾಸೆ ಬೀದಿಯ ಆ ಮೂಲೆಯಲ್ಲಿ ಎಲ್ಡೊರಾಡೊ ಅನ್ನುವ ಕುಣಿತದ ಕ್ಲಬ್ ಇತ್ತಂತೆ. ಗಂಡಸರು ಹೆಂಗಸರ ಉಡುಪು ಹಾಕಿ, ಹೆಂಗಸರು ಗಂಡಸರ ಉಡುಪು ಹಾಕಿ ಬರುತ್ತಿದ್ದ ಜಾಗ. ಬಾಗಿಲ ಮೇಲೆ ದೊಡ್ಡ ಫಲಕ: "ಇಲ್ಲಿದೆ ಸರಿಯಾದ ಜಾಗ!" 1933ರ ಒಂದು ಫೋಟೊ ಫೋನಿನಲ್ಲಿ ತೋರಿಸಿದ. ಕ್ಲಬ್ ಮುಚ್ಚಿಸಿದ್ದಾರೆ. ಕಿಟಕಿಗಳಿಗೆ ಸ್ವಸ್ತಿಕ, ನಾಜಿ ಪಕ್ಷದ ಚುನಾವಣಾ ಪೋಸ್ಟರು. ಬಾಗಿಲ ಮೇಲಿನ ಫಲಕ ಮಾತ್ರ ತೆಗೆದಿಲ್ಲ. ಇನ್ನೂ ಹಾಗೇ ಕರೆಯುತ್ತಿದೆ.

ನಾಲ್ಕು ಗಂಟೆ ಹೊತ್ತಿಗೆ ಮೂರು ತಟ್ಟೆ ಖಾಲಿ. ನಾನು ಬಗ್ಗಿ ಚಿಲ್ಲರೆ ಕಟ್ಟುತ್ತಿದ್ದೆ. ತಲೆ ಮೇಲಿಂದ ಕೇಳಿಸಿತು:

"ಲೇ, ಚೀಸ್ ಕೇಕ್ ಇದೆ, ಬಾರೋ ಇಲ್ಲಿ."

ಯೋಚನೆ ಮಾಡದೆ, ತಲೆ ಎತ್ತುತ್ತಾ, "ಎಷ್ಟು ಕೊಡ್ಲಪ್ಪ?" ಅಂದುಬಿಟ್ಟೆ.

ಇಪ್ಪತ್ತೈದು ಇಪ್ಪತ್ತಾರರ ಹುಡುಗ. ಕೆನ್ನೆ ಮೇಲೆ ಬಣ್ಣದ ಪಟ್ಟಿ. ನನ್ನ ಮುಖ ನೋಡಿದ, ಹಣೆಯ ಕುಂಕುಮ ನೋಡಿದ. ಅವನ ಕೈ ತಾನಾಗಿ ಕೆನ್ನೆಗೆ ಹೋಗಿ ಬಣ್ಣ ಮುಚ್ಚಿತು. ಹಿಂದಿದ್ದವನು ಒಂದು ಹೆಜ್ಜೆ ಹಿಂದೆ ಸರಿದು ಜನರೊಳಗೆ ಸೇರಿಕೊಂಡ. ಯಾರೋ ಗಟ್ಟಿಯಾಗಿ ಗದರಿದ ಹಾಗೆ ಆಗಿತ್ತು ಅವರಿಬ್ಬರಿಗೆ. ನಾನು ಕೇಳಿದ್ದು ಎಷ್ಟು ಕೊಡಲಿ ಅಂತ ಮಾತ್ರ.

ಇಡೀ ದಿನದಲ್ಲಿ ನನಗೆ ಕಾಲು ನೋವು ಮರೆತದ್ದು ಆಗ ಒಂದೇ ಸಲ. ಇವನನ್ನು ಹೆದರಿಸಿದ್ದು ಆ ನಾಯಿ ಮುಖವಾಡ ಅಲ್ಲ, ಪೊಲೀಸರ ಮೇಜು ಅಲ್ಲ. ನಾನು. ನನ್ನ ಕುಂಕುಮ, ನನ್ನ ಕನ್ನಡ.

"ಹೆದರ್ಕೋಬೇಡ. ನನ್ನ ತಮ್ಮನ ಜೊತೆ ಬಂದಿದ್ದೀನಿ. ಅಲ್ಲಿ ಕಾಫಿ ಹಾಕ್ತಿದಾನಲ್ಲ, ಅವನೇ. ಪಕ್ಕದಲ್ಲಿರೋ ಉದ್ದನೆಯವನು ಅವನ ಗಂಡ."

ಹುಡುಗ ಮೂವರನ್ನೂ ನೋಡಿದ. "ಆಂಟಿ, ನೀವು ಯಾವ ಊರು?"

"ದಾವಣಗೆರೆ. ನೀನು?"

"ಹಾಸನ." ಸ್ವಲ್ಪ ಹೊತ್ತು ಬಿಟ್ಟು, "ಫೋಟೊ ಗೀಟೊ ಹಾಕಲ್ಲ ಅಲ್ವಾ ಆಂಟಿ?"

ಹಾಕಲ್ಲ ಅಂದೆ. ಆಮೇಲೆ ಸ್ನೇಹಿತನನ್ನು ಕರೆದ. ಅವನು ಬೆಂಗಳೂರಿನವನು. ಓದಲು ಬಂದವರು ಇಬ್ಬರೂ. ಬೆಂಗಳೂರಿನ ನಮ್ಮ ಪ್ರೈಡ್ ಮೆರವಣಿಗೆಯಲ್ಲಿ ಎರಡು ಸಲ ನಡೆದಿದ್ದೇನೆ ಅಂದ ಬೆಂಗಳೂರಿನವನು. ಮೆಜೆಸ್ಟಿಕ್ ಹತ್ತಿರದ ತುಳಸಿ ತೋಟದಿಂದ ಟೌನ್ ಹಾಲ್‌ವರೆಗೆ. ಅದು 2008ರಲ್ಲಿ ಶುರುವಾದಾಗ ಎಷ್ಟೋ ಜನ ಮುಖವಾಡ ಹಾಕಿಕೊಂಡೇ ನಡೆದಿದ್ದರಂತೆ. "ನಾನು ಮುಖವಾಡ ಹಾಕಿರಲಿಲ್ಲ ಆಂಟಿ, ಮಾಸ್ಕ್ ಹಾಕಿದ್ದೆ. ಕೊರೊನಾ ನೆಪ" ಅಂತ ನಕ್ಕ. ದಾವಣಗೆರೆಯಿಂದ ಟೌನ್ ಹಾಲ್‌ಗೆ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ನಾನು ಹೋಗಿಲ್ಲ. ಮದುವೆ ಜವಳಿಗೆ ಮಾತ್ರ ಚಿಕ್ಕಪೇಟೆಗೆ ಹತ್ತು ಸಲ ಹೋಗಿದ್ದೇನೆ.

ಇಬ್ಬರ ಹತ್ತಿರವೂ ಹಣ ತಗೊಳ್ಳಲಿಲ್ಲ. ಆರು ಯೂರೊ ನನ್ನ ಪರ್ಸಿನಿಂದ ಪೆಟ್ಟಿಗೆಗೆ ಹಾಕಿದೆ. ಕ್ಯಾಷ್ ತಾಳೆ ಆಗಬೇಕಲ್ಲ.

ಹಾಡಿನ ತಂಡದ ಒಬ್ಬ ಹೆಂಗಸು, ನಾವು ಏನು ಮಾತಾಡಿದೆವು ಅಂತ ಕೇಳಿದಳು. ಮಾತು ಎಲ್ಲೆಲ್ಲಿಗೋ ಹೋಯಿತು. ನಿಮ್ಮ ಕಡೆ ಇಂಥವರು ಕಾಣುತ್ತಾರಾ ಅಂದಳು. ತಮ್ಮನ ಕೈಲಿ ಅನುವಾದ ಮಾಡಿಸಿ ಸವದತ್ತಿ ಎಲ್ಲಮ್ಮನ ಜೋಗತಿಯರ ಬಗ್ಗೆ ಹೇಳಿದೆ. ಚಿಕ್ಕಂದಿನಲ್ಲಿ ತಲೆ ಮೇಲೆ ದೇವಿಯ ಕೊಡ ಹೊತ್ತು ಕುಣಿಯುವುದನ್ನು ನೋಡಿದ್ದೆ. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದು, ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದು, ಎಲ್ಲ ಹೇಳಿದೆ. ಅವಳಿಗೆ ದೃಷ್ಟಿ ತೆಗೆಯುವುದು ಅಂದರೇನು ಅಂತ ಗೊತ್ತಾಗಲಿಲ್ಲ. ಮಾಡಿ ತೋರಿಸಿದೆ. ಅದನ್ನು ನೋಡಿದ ಇನ್ನಿಬ್ಬರು ತಮಗೂ ಬೇಕು ಅಂದರು. ಐದು ಜನ ದೊಡ್ಡ ದೊಡ್ಡ ಜರ್ಮನ್ನರಿಗೆ ದೃಷ್ಟಿ ತೆಗೆದು ನೆಟಿಕೆ ಮುರಿದೆ. ಬೆರಳೂ ನೋಯತೊಡಗಿತು. ಅದೇ ಜೋಗತಿಯರು ಅಂಗಡಿ ಬಾಗಿಲಿಗೆ ಬಂದರೆ ನಾವು ಎಂಟಾಣೆ ಎಸೆದು ಮುಖ ತಿರುಗಿಸುತ್ತಿದ್ದೆವು ಅನ್ನುವುದನ್ನು ಮಾತ್ರ ಅನುವಾದ ಮಾಡಿಸಲಿಲ್ಲ.

ಐದು ಗಂಟೆಗೆ ಶೌಚಾಲಯಕ್ಕೆ ಹೋಗಲೇಬೇಕಾಯಿತು. ಒಂದು ಯೂರೊ, ಮೂವತ್ತೈದು ನಿಮಿಷ ಕ್ಯೂ. ಇಷ್ಟು ದಿನ ಗಾಜಿನ ಈಚೆ ಕೂತು ಕ್ಯೂ ನೋಡಿದವಳಿಗೆ ಆಚೆ ನಿಲ್ಲುವುದು ಏನು ಅಂತ ಗೊತ್ತಾಯಿತು. ನನ್ನ ಸರದಿಗೆ ಇನ್ನೂ ನಾಲ್ಕು ಜನ ಇದ್ದಾಗ ಆಕಾಶ ಕಪ್ಪಾಯಿತು. ಗುಡುಗು. ಆಮೇಲೆ ಬಕೆಟ್‌ನಲ್ಲಿ ಎತ್ತಿ ಸುರಿದ ಹಾಗೆ ಮಳೆ. ಜನ ಓಡಿದರು. ನಾನು ಓಡಲಿಲ್ಲ. ನಾಲ್ಕು ಜನರಲ್ಲಿ ಮೂವರು ಓಡಿಹೋದರು, ನನ್ನ ಸರದಿ ಬೇಗ ಬಂತು.

ತೊಯ್ದು ತೊಪ್ಪೆಯಾಗಿ ವಾಪಸ್ ಬಂದರೆ ಅಂಗಡಿಯ ಬಟ್ಟೆ ಚಾವಣಿಯ ಕೆಳಗೆ ಇಪ್ಪತ್ತು ಜನ. ಪೊಲೀಸರು ಇಬ್ಬರು, ನಾಯಿ ಮುಖವಾಡದವನು, ತಲೆಗೆ ಹಳದಿ ಟೋಪನ್ ಹಾಕಿ ಹೆಣ್ಣು ವೇಷ ಕಟ್ಟಿದ ಒಬ್ಬ ಡ್ರ್ಯಾಗ್ ಕಲಾವಿದೆ. ಎಲ್ಲರೂ ಉಳಿದ ಕೇಕ್ ತಿನ್ನುತ್ತಿದ್ದರು. ಚಾವಣಿಯಲ್ಲಿ ನೀರು ತುಂಬಿ ಹೊಟ್ಟೆ ಬಿಟ್ಟಿತ್ತು. ಉದ್ದಣ್ಣ ಎರಡೂ ಕೈ ಎತ್ತಿ ಅದನ್ನು ತಳ್ಳಿ ತಳ್ಳಿ ನೀರು ಚೆಲ್ಲುತ್ತಿದ್ದ. ಆ ಎತ್ತರಕ್ಕೆ ಅವತ್ತು ಅರ್ಥ ಬಂತು.

ಲೆಕ್ಕ ಮುಗಿಸಿದಾಗ ಏಳೂವರೆ. ಠೇವಣಿ ಲೋಟದಲ್ಲಿ ಎರಡು ಯೂರೊ ಜಾಸ್ತಿ ಬಂತು. ಯಾರೋ ಲೋಟ ಒಯ್ದುಬಿಟ್ಟಿದ್ದಾರೆ ಅಂದರು. ನನಗೆ ಸಮಾಧಾನ ಆಗಲಿಲ್ಲ, ಎರಡು ಸಲ ಮತ್ತೆ ಎಣಿಸಿದೆ.

ಮನೆಗೆ ಹೋಗುವಾಗ ಯು2 ಅರ್ಧ ದಾರಿಯಲ್ಲಿ ಬಂದ್, ಹಳಿ ಕೆಲಸ. ಬದಲಿ ಬಸ್ಸಿನಲ್ಲಿ ನಿಲ್ಲಲೂ ಜಾಗ ಇಲ್ಲ. ಒದ್ದೆ ಚಪ್ಪಲಿ, ಖಾಲಿ ತಟ್ಟೆಗಳು, ಹೆಗಲಿಗೆ ಉಚಿತವಾಗಿ ಸಿಕ್ಕ ನಾಲ್ಕು ಬಟ್ಟೆ ಚೀಲ. ಕೊನೆಗೆ ಆ 92 ಮೆಟ್ಟಿಲು. ಐವತ್ತನೆಯದರ ಮೇಲೆ ಕೂತುಬಿಟ್ಟೆ. ದೀಪ ತಾನಾಗಿ ಆರಿತು. ಕತ್ತಲಲ್ಲಿ ಮೂವರೂ ಮಾತಾಡದೆ ಕೂತಿದ್ದೆವು. ಮೇಲಿಂದ ಬೀಗಿತ್ತಿ ಬಾಗಿಲು ತೆಗೆದು ಏನೋ ಕೂಗಿದರು.

"ಏನಂತೆ?"

"ಕೇಕ್ ಖಾಲಿ ಆಯ್ತಾ ಅಂತ."

ಭಾನುವಾರ

ಎದ್ದಾಗ ಪಾದ ಬನ್ನಿನ ಹಾಗೆ ಊದಿತ್ತು. ಬೀಗಿತ್ತಿ ಉಪ್ಪು ಹಾಕಿದ ಬಿಸಿ ನೀರಿನ ಟಬ್ಬು ತಂದಿಟ್ಟರು. ಈ ಔಷಧಕ್ಕೆ ಅನುವಾದ ಬೇಕಾಗಲಿಲ್ಲ. ತಿಂಡಿ ಹೊತ್ತಿಗೆ ಹಿಂದಿನ ದಿನದ ಮುದುಕರ ವಿಷಯ ಬಂತು. ನಮ್ಮ ಪೂರ್ವದ ಕಡೆ ಆ ಕಲಂ 1968ಕ್ಕೇ ಹೋಗಿತ್ತು ಅಂತ ಅವರು ಜಂಬದಿಂದ ಹೇಳಿದರು. ವಯಸ್ಸಿನ ಮಿತಿ ಬೇರೆ ಇಟ್ಟಿದ್ದ ಇನ್ನೊಂದು ಕಲಂ ಅದರ ಜಾಗಕ್ಕೆ ಬಂದಿತ್ತಲ್ಲ ಅಂತ ಮಗ ನೆನಪಿಸಿದ. ತಾಯಿ ಮಗನಿಗೆ ಸ್ವಲ್ಪ ಜೋರು ಮಾತಾಯಿತು. ತಮ್ಮ ಅನುವಾದ ನಿಲ್ಲಿಸಿ ಬ್ರೆಡ್‌ಗೆ ಬೆಣ್ಣೆ ಹಚ್ಚತೊಡಗಿದ.

ಜಾತ್ರೆಗೆ ಇನ್ನೊಂದು ದಿನ ಇತ್ತು. ಬೆನ್ನು ನೋವಿನ ಹೆಂಗಸು ಎದ್ದು ಬಂದಿದ್ದಳಂತೆ, ದೇವರು ದೊಡ್ಡವನು. ನಾವು ಟಿಯರ್‌ಗಾರ್ಟನ್ ಉದ್ಯಾನಕ್ಕೆ ಹೋದೆವು. ಯಹೂದಿಗಳ ಸ್ಮಾರಕದ 2,711 ಕಾಂಕ್ರೀಟ್ ಕಲ್ಲುಗಳನ್ನು ರಸ್ತೆ ಈಚೆಯಿಂದಲೇ ನೋಡಿದೆ. ರಸ್ತೆ ದಾಟಿದರೆ ಮರಗಳ ಅಂಚಿನಲ್ಲಿ ಅಂಥದೇ ಒಂಟಿ ಕಲ್ಲು, ಇನ್ನೂ ದೊಡ್ಡದು, ಸ್ವಲ್ಪ ವಾಲಿ ನಿಂತಿದೆ. ನಾಜಿಗಳ ಕೈಗೆ ಸಿಕ್ಕ ಸಲಿಂಗಿಗಳ ಸ್ಮಾರಕ. 2008ರ ಮೇ ತಿಂಗಳಲ್ಲಿ ತೆರೆದದ್ದು. ಅದರಲ್ಲೊಂದು ಸಣ್ಣ ಕಿಟಕಿ. ಇಣುಕಿದರೆ ಒಳಗೆ ಒಂದು ವಿಡಿಯೊ ಓಡುತ್ತಿರುತ್ತದೆ, ಜೋಡಿಗಳು ಮುತ್ತಿಡುತ್ತಾರೆ, ಅಷ್ಟೇ. ಒಬ್ಬರೇ ನೋಡಬೇಕು, ಇಬ್ಬರಿಗೆ ಜಾಗ ಸಾಲದು. ಉದ್ದಣ್ಣ ಬಾಗಿಲಲ್ಲಿ ಬಗ್ಗುವ ಹಾಗೆ ಬಗ್ಗಿ ನೋಡಿದ. ನನ್ನ ಸರದಿಯಲ್ಲಿ ಹಿಂದೆ ಒಂದು ಶಾಲೆಯ ಮಕ್ಕಳ ಗುಂಪು ಬಂದು ನಿಂತಿತು. ನನಗೆ ನಾಚಿಕೆಯಾಗಿ ಬೇಗ ಸರಿದೆ. ಮಕ್ಕಳು ಆರಾಮಾಗಿ ನೋಡಿ, ಚೂಯಿಂಗ್ ಗಮ್ ಜಗಿಯುತ್ತಾ ಹೋದವು.

ಬೆಂಚಿನ ಮೇಲೆ ಕೂತಾಗ ತಮ್ಮ ಮಾಗ್ನುಸ್ ಹಿರ್ಷ್‌ಫೆಲ್ಡ್ ಅನ್ನುವ ವೈದ್ಯರ ಕತೆ ಹೇಳಿದ. 1919ರಲ್ಲಿ ಇದೇ ಉದ್ಯಾನದ ಅಂಚಿನಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆ ಕಟ್ಟಿದವರು. 175ನೇ ಕಲಂ ತೆಗೆಯಿರಿ ಅಂತ ಜೀವನವಿಡೀ ಹೋರಾಡಿದವರು. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಸಂಸ್ಥೆಗೆ ನುಗ್ಗಿದರು. ನಾಲ್ಕು ದಿನದ ಮೇಲೆ ಅಲ್ಲಿಯ ಪುಸ್ತಕಗಳನ್ನು ಚೌಕದಲ್ಲಿ ಸುಟ್ಟರು. ಆಗ ಅವರು ದೇಶದಲ್ಲಿರಲಿಲ್ಲ, ಲೋಕ ಸುತ್ತಲು ಹೋದವರು ಮತ್ತೆ ಜರ್ಮನಿಗೆ ಕಾಲಿಡಲೇ ಇಲ್ಲ. ಆ ಸುತ್ತಾಟದಲ್ಲಿ 1931ರಲ್ಲಿ ಭಾರತಕ್ಕೂ ಬಂದಿದ್ದರಂತೆ. ಸಂಸ್ಥೆ ಇದ್ದ ಜಾಗ ಇಲ್ಲಿಂದ ಹದಿನೈದು ನಿಮಿಷ, ಹೋಗೋಣವಾ ಅಂದ. ನನ್ನ ಪಾದ ತೋರಿಸಿದೆ. ಮುಂದಿನ ಸಲ ಅಂದ.

ವಾಪಸ್ ರೈಲಿನಲ್ಲಿ ನಮ್ಮ ಸೀಟು ಇದ್ದ ಬೋಗಿಯೇ ಬಂದಿರಲಿಲ್ಲ. ಎರ್ಫುರ್ಟ್ ಬರುವವರೆಗೆ ಬಾಗಿಲ ಹತ್ತಿರ ಸೂಟ್‌ಕೇಸಿನ ಮೇಲೆ ಕೂತಿದ್ದೆ. ಅಮ್ಮ ಫೋನ್ ಮಾಡಿದಳು. ಜಾತ್ರೆ ಹೇಗಿತ್ತು, ದೇವರು ಯಾವುದು ಅಂದಳು. ದೇವರಿರಲಿಲ್ಲ, ಕ್ಯಾಷ್ ಕೌಂಟರ್ ಇತ್ತು ಅಂದೆ.

ಸೋಮವಾರ

ಮ್ಯೂನಿಕ್. ಮಂಚದಿಂದ ಇಳಿಯಲಿಲ್ಲ. ನಾಲ್ಕು ಚೀಲ ಕೊಡವಿದಾಗ ಹನ್ನೊಂದು ಪೆನ್ನು, ಒಂದು ಸೀಟಿ, ಪೊಲೀಸರು ಕೊಟ್ಟ ಸೈಕಲ್ ಬೆಳಕು, ಒಂದು ಮುಷ್ಟಿ ಕಾಂಡೋಮ್ ಬಿದ್ದವು. ಕಾಂಡೋಮ್ ಇಲ್ಲೇ ಬಿಟ್ಟು ಪೆನ್ನು ಬ್ಯಾಂಕಿಗೆ ಒಯ್ಯುತ್ತೇನೆ. ನಮ್ಮ ಕೌಂಟರ್‌ನ ಪೆನ್ನಿಗೆ ದಾರ ಕಟ್ಟಿದರೂ ಉಳಿಯುವುದಿಲ್ಲ.

ಸಂಜೆ ಉದ್ದಣ್ಣ ಲ್ಯಾಪ್‌ಟಾಪ್ ಹಿಡಿದು ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ. ಮಡಚುವ ಎತ್ತರದ ಸ್ಟೂಲು ಹುಡುಕುತ್ತಿದ್ದ, ಮೇಜಿನ ಆಚೆ ಕೂತರೂ ಮುಖ ಕಾಣುವಂಥದು. ಮುಂದಿನ ಜುಲೈಗೆ. ಒಂದು ಸಿಕ್ಕಿತು. 80 ಕೆಜಿ ತಡೆಯುತ್ತದಂತೆ. ಇನ್ನೊಂದು 110, ಅದಕ್ಕೆ ಬೆಲೆ ಜಾಸ್ತಿ. ತಿರುಗಿ ನನ್ನನ್ನು ನೋಡಿ, ತಮ್ಮನ ಕಡೆ ಏನೋ ಕೇಳಿದ.

"ಅಕ್ಕ," ಅಂದ ತಮ್ಮ, "ಯಾವುದು ತಗೊಳ್ಳೋದು ಅಂತ ಕೇಳ್ತಿದಾನೆ."

"ಹೆಂಗಸರನ್ನ ಹಾಗೆಲ್ಲ ಕೇಳಬಾರದು ಅಂತ ಹೇಳು. ನೂರಾ ಹತ್ತರದ್ದೇ ತಗೊಳ್ಳೋಕೆ ಹೇಳು."